ವಿಬಿಎಸ್‌ನಲ್ಲಿ ಮಕ್ಕಳಿಗೆ ಸುವಾರ್ತೆ ಹೇಳುವುದು ಹೇಗೆ? ಐದು ದಿನಗಳ ಪೂರ್ತಿ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಮಂಗಳೂರು, ಮೂಲ್ಕಿ, ಉಡುಪಿ, ಮಲ್ಪೆ ಕಡೆಯ ಕ್ರೈಸ್ತ ಸಭೆಗಳಲ್ಲಿ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್, ಅಂದರೆ ರಜೆಯಲ್ಲಿ ಮಕ್ಕಳಿಗಾಗಿ ನಡೆಸುವ ಬೈಬಲ್ ಶಾಲೆ) ತಯಾರಿ ಶುರು. ಬ್ಯಾನರ್ ಪ್ರಿಂಟಿಗೆ ಹೋಗುತ್ತದೆ. ಯುವಜನರು ಥೀಮ್ ಸಾಂಗಿಗೆ ಸ್ಟೆಪ್ಪು ಕಲಿಯುತ್ತಾರೆ. ತಿಂಡಿಯ ಲಿಸ್ಟ್ ಆಗುತ್ತದೆ. ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಮಾತ್ರ ಕೊನೆಯವರೆಗೂ ಹಾಗೇ ಉಳಿದಿರುತ್ತದೆ: ಮಕ್ಕಳಿಗೆ ಯೇಸುವಿನ ಬಗ್ಗೆ ಹೇಳುವವರು ಯಾರು, ಹೇಗೆ ಹೇಳುತ್ತಾರೆ? ಹೆಚ್ಚಿನ ಕಡೆ ಅದನ್ನು ಕೊನೆಯ ದಿನದ ಒಂದು ಭಾಷಣಕ್ಕೆ ಬಿಟ್ಟುಬಿಡುತ್ತಾರೆ. ಅತಿಥಿ ಬರುತ್ತಾರೆ, ಗಟ್ಟಿಯಾಗಿ ಮಾತಾಡುತ್ತಾರೆ, ಯೇಸು ಯಾರಿಗೆಲ್ಲ ಬೇಕೋ ಅವರು ಕೈ ಎತ್ತಿ ಎನ್ನುತ್ತಾರೆ. ಎಲ್ಲರೂ ಎತ್ತುತ್ತಾರೆ. ಪಕ್ಕದವನು ಎತ್ತಿದ ಅಂತ ಇವನೂ ಎತ್ತುತ್ತಾನೆ. ವರದಿಯಲ್ಲಿ ಸಂಖ್ಯೆ ಬರೆದಾಯಿತು, ಅಲ್ಲಿಗೆ ಮುಗಿಯಿತು.

ಈ ಮಾರ್ಗದರ್ಶಿಯಲ್ಲಿ ಕೈ ಎತ್ತಿಸುವ ಹೆಜ್ಜೆ ಇಲ್ಲ. ಐದೂ ದಿನ ಯೇಸುವಿನ ಕಥೆಯನ್ನು ಒಂದೇ ಎಳೆಯಲ್ಲಿ ಚೆನ್ನಾಗಿ ಹೇಳಬೇಕು. ದಿನವೂ ಸಣ್ಣ ಗುಂಪಿನಲ್ಲಿ ಕೂತು ಮಕ್ಕಳ ಮಾತು ಕೇಳಬೇಕು. ಮನಸ್ಸಿಗೆ ತಟ್ಟಿದ ಮಗು ತಾನಾಗಿ ಬಂದು ಕೇಳುತ್ತದೆ. ಆಗ ಉತ್ತರ ಹೇಳಲು ನಮಗೆ ಗೊತ್ತಿರಬೇಕು, ಪುರುಸೊತ್ತೂ ಇರಬೇಕು. ಉಳಿದದ್ದೆಲ್ಲ ಆ ಗಳಿಗೆಗಾಗಿ ಮಾಡುವ ತಯಾರಿ.

ಹೆಜ್ಜೆ 1: ತಾರೀಕು ಮತ್ತು ಹೊತ್ತು

ಈಸ್ಟರ್ ಮುಗಿದ ಮರುವಾರ ಸಿಕ್ಕಿದರೆ ಅದೇ ಒಳ್ಳೆಯದು. ಶಿಲುಬೆಯ ಕಥೆ ಮಕ್ಕಳ ಕಿವಿಯಲ್ಲಿ ಇನ್ನೂ ಇರುತ್ತದೆ. ಈಸ್ಟರ್ ಬೇಗ ಬಂದ ವರ್ಷ, ಶಾಲೆಗೆ ರಜೆ ಕೊಟ್ಟ ಮೇಲಿನ ಮೊದಲ ಪೂರ್ತಿ ವಾರ ಇಟ್ಟುಕೊಳ್ಳಿ. ಮೇ ಮಧ್ಯಕ್ಕೆ ಹಾಕಿದರೆ ಅರ್ಧ ಮಕ್ಕಳು ಅಜ್ಜಿಮನೆ, ಮದುವೆ, ಮುಂಬಯಿ ಅಂತ ಹೋಗಿರುತ್ತಾರೆ.

1901ರಲ್ಲಿ ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಬೋವಿಲ್ ಎಂಬವರು ಇಂಥ ರಜಾ ಶಾಲೆಗಳನ್ನು ಊರಿಡೀ ಹಬ್ಬಿಸಿದಾಗ ಅವರ ಲೆಕ್ಕ ಸರಳವಾಗಿತ್ತು: ಬೇಸಿಗೆಯಲ್ಲಿ ಬೀದಿ ಅಲೆಯುವ ಮಕ್ಕಳಿದ್ದಾರೆ, ಬಾಗಿಲು ಹಾಕಿದ ಚರ್ಚುಗಳಿವೆ, ಕೆಲಸವಿಲ್ಲದೆ ಕೂತ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಮೂರನ್ನೂ ಸೇರಿಸಿದರೆ ಆಯಿತು. ನಮ್ಮಲ್ಲೂ ಟೀಚರ್‌ಗಳಲ್ಲಿ ಹೆಚ್ಚಿನವರು ಕಾಲೇಜಿನವರೇ. ಹಾಗಾಗಿ ಬ್ಯಾನರಿಗೆ ತಾರೀಕು ಕೊಡುವ ಮೊದಲು ಅವರ ಪರೀಕ್ಷೆಯ ಟೈಮ್‌ಟೇಬಲ್ ನೋಡಿ.

ಹೊತ್ತು ಬೆಳಿಗ್ಗೆ 9ರಿಂದ 12ರವರೆಗೆ ಸಾಕು. ಕರಾವಳಿಯ ಸೆಕೆ ಗೊತ್ತಲ್ವಾ, 11 ಗಂಟೆ ದಾಟಿದರೆ ದೊಡ್ಡವರಿಗೇ ತಲೆ ಓಡುವುದಿಲ್ಲ. ಕಥೆಯನ್ನು 9.30ಕ್ಕೆ ಇಡಿ, ಆಟವನ್ನು ಆಮೇಲೆ. ತುಂಬಾ ಕಡೆ ಇದು ಉಲ್ಟಾ ಆಗುತ್ತದೆ. ಬೆಳಿಗ್ಗೆಯ ತಂಪೆಲ್ಲ ಹಾಡು, ಪರೇಡಿಗೆ ಹೋಗಿ, ಬೆವರಿ ಸುಸ್ತಾದ ಮಕ್ಕಳ ಮುಂದೆ ಕಥೆ ಹೇಳುವವರು ನಿಲ್ಲಬೇಕಾಗುತ್ತದೆ. ಕುಡಿಯುವ ನೀರು ಯಾವಾಗಲೂ ಕೈಗೆ ಸಿಗುವಂತಿರಲಿ. ನಡುವೆ ಪುನರ್ಪುಳಿ ಶರಬತ್ತು ಅಥವಾ ಮಜ್ಜಿಗೆ ಕೊಡಿ. ಯಾವ ಮಗುವಿಗೆ ಯಾವ ತಿಂಡಿ ಆಗುವುದಿಲ್ಲ ಎಂಬುದನ್ನು ಫಾರ್ಮಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಮನೆಯವರ ಒಪ್ಪಿಗೆ, ಬರವಣಿಗೆಯಲ್ಲಿ

ಇದನ್ನು ಸುಮ್ನೆ ಫಾರ್ಮಾಲಿಟಿ ಎಂದು ತಿಳಿಯಬೇಡಿ. ನಮ್ಮ ವಿಬಿಎಸ್‌ಗೆ ಸಭೆಯ ಮಕ್ಕಳ ಜೊತೆ ನೆರೆಮನೆಯ ಮಕ್ಕಳೂ ಬರುತ್ತಾರೆ. ಒಂದೇ ಶಾಲೆ, ಒಂದೇ ವ್ಯಾನು, ಒಂದೇ ಗ್ರೌಂಡು. ಗೆಳೆಯ ಹೋಗುತ್ತಾನೆ ಅಂತ ಅವನೂ ಬರುತ್ತೇನೆ ಎನ್ನುತ್ತಾನೆ. ಬರಲಿ, ಸಂತೋಷ. ಆದರೆ ಅಪ್ಪ ಅಮ್ಮನಿಗೆ ಪೂರ್ತಿ ವಿಷಯ ಗೊತ್ತಿರಬೇಕು. ಫಾರ್ಮಿನಲ್ಲಿ ಹಾಡು, ಆಟ, ಕ್ರಾಫ್ಟ್ ಎಂದಷ್ಟೇ ಬರೆದು ಬೈಬಲ್ ವಿಷಯ ಬಿಟ್ಟರೆ ಅದು ಮೋಸ. ಕಥೆಗಳು ಬೈಬಲಿನವು, ಯೇಸುವಿನ ಬಗ್ಗೆ ಕಲಿಸುತ್ತೇವೆ, ಪ್ರಾರ್ಥನೆ ಇರುತ್ತದೆ ಎಂದು ಕನ್ನಡದಲ್ಲಿ ನೇರವಾಗಿ ಬರೆಯಿರಿ. ಐದು ದಿನದ ಕಥೆಗಳ ಹೆಸರನ್ನೂ ಹಾಕಿ. ಬೇಕಾದವರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು ಎಂದೂ ಸೇರಿಸಿ. ಬೇರೆ ಧರ್ಮದ ಮನೆಯವರಾದರೆ ಕಾಗದ ಕಳಿಸಿ ಸಹಿ ತರಿಸುವುದಕ್ಕಿಂತ ನೀವೇ ಹೋಗಿ ಮಾತಾಡಿ ಬನ್ನಿ. ಬೇಡ ಎಂದರೆ ಬೇಡ, ಅಷ್ಟೇ. ಆ ಮಗುವಿನ ಜೊತೆಗಿನ ನಿಮ್ಮ ಸ್ನೇಹ ಇದರಿಂದ ಬದಲಾಗಬಾರದು.

ಕಾನೂನೂ ಗೊತ್ತಿರಲಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆಯಲ್ಲಿ ಅಪ್ರಾಪ್ತರ ವಿಷಯಕ್ಕೆ ಶಿಕ್ಷೆ ಜಾಸ್ತಿ ಇಟ್ಟರು. ಅದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆ ಇರಲಿ, ಹೋಗಲಿ, ನಮ್ಮ ನಡತೆ ಒಂದೇ ಆಗಿರಬೇಕು. ಬೇರೆಯವರ ಮಗುವಿಗೆ ಅಪ್ಪ ಅಮ್ಮನಿಗೆ ಗೊತ್ತಿಲ್ಲದೆ ಏನನ್ನೂ ಕಲಿಸುವುದಿಲ್ಲ. ನಂಬಿದರೆ ಬಹುಮಾನ, ಪ್ರಾರ್ಥನೆ ಹೇಳಿದರೆ ಚಾಕ್ಲೆಟ್ ಎಂಬುದು ಇಲ್ಲವೇ ಇಲ್ಲ. ಕೊನೆಯ ದಿನ ಉಡುಗೊರೆ ಕೊಡುವುದಾದರೆ ಎಲ್ಲರಿಗೂ ಒಂದೇ ಥರದ್ದು ಕೊಡಿ.

ನೆರೆಯವರ ದೇವರು, ದೈವ, ನೇಮ, ಅಷ್ಟಮಿ, ಉರುಸ್, ಇದ್ಯಾವುದರ ಬಗ್ಗೆಯೂ ಹಗುರ ಮಾತು ಬೇಡ, ಕಥೆಯ ನಡುವೆಯೂ ಬೇಡ, ತಮಾಷೆಗೂ ಬೇಡ. ಯೇಸು ಯಾರು ಎಂದು ಹೇಳಲು ಇನ್ನೊಬ್ಬರ ಮನೆಯ ಪೂಜೆಯನ್ನು ತೆಗಳಬೇಕಾಗಿಲ್ಲ.

ಮಕ್ಕಳ ಸುರಕ್ಷೆಗೂ ಇದೇ ಗಟ್ಟಿತನ ಬೇಕು. ಯಾವ ದೊಡ್ಡವರೂ ಒಬ್ಬರೇ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಪ್ರಾರ್ಥನೆಗೆ ಅಂತ ಕರೆದರೂ ಅಷ್ಟೇ, ಬಾಗಿಲು ತೆರೆದಿರಲಿ, ಇನ್ನೊಬ್ಬರಿಗೆ ಕಾಣುವಂತಿರಲಿ. ಸಣ್ಣ ಮಕ್ಕಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುವಾಗ ಇಬ್ಬರು ಇರಿ. ಕರೆದೊಯ್ಯಲು ಬರುವವರ ಹೆಸರು ಮೊದಲೇ ಬರೆಸಿಕೊಳ್ಳಿ. ಮಲ್ಪೆಯಂಥ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಂದೆ ಕಡಲಿಗೆ ಹೋಗಿರಬಹುದು, ಅಜ್ಜಿ ಬರುತ್ತಾರೋ ಅಣ್ಣ ಬರುತ್ತಾನೋ ಗೊತ್ತಿರಬೇಕು. ಮನೆಯವರನ್ನು ಕೇಳದೆ ಫೋಟೋ ಹಾಕಬೇಡಿ. ಸಣ್ಣ ಗುಂಪಿನಲ್ಲಿ ಮಗು ತನಗೆ ಯಾರೋ ನೋವು ಮಾಡುತ್ತಿದ್ದಾರೆ ಎಂದು ಹೇಳಿದರೆ ಅದನ್ನು ಗುಟ್ಟಾಗಿ ಇಡುತ್ತೇನೆ ಎಂದು ಮಾತು ಕೊಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿದವರು ದೂರು ಕೊಡಲೇಬೇಕು. ಸಭೆಯ ಮರ್ಯಾದೆ ಅಂತ ಮುಚ್ಚಿಡುವ ವಿಷಯ ಅಲ್ಲ ಇದು.

ಹೆಜ್ಜೆ 3: ಟೀಚರ್‌ಗಳು ಮೊದಲು ಕಥೆ ಕೇಳಲಿ

ತಯಾರಿ ಸಭೆಯಲ್ಲಿ ಹೆಚ್ಚಿನ ಹೊತ್ತು ಡ್ಯೂಟಿ ಹಂಚುವುದರಲ್ಲೇ ಹೋಗುತ್ತದೆ. ಅದಕ್ಕೆ ಅರ್ಧ ಗಂಟೆ ಕೊಡಿ. ಉಳಿದ ಹೊತ್ತು ಐದೂ ಕಥೆಗಳನ್ನು ಬೈಬಲಿನಿಂದ ಗಟ್ಟಿಯಾಗಿ ಓದಿ, ಟೀಚರ್‌ಗಳೇ ಒಬ್ಬರಿಗೊಬ್ಬರು ಹೇಳಲಿ. ಸುವಾರ್ತೆ ಎಂದರೇನು ಎಂದು ಒಬ್ಬೊಬ್ಬರೂ ಒಂದು ನಿಮಿಷದಲ್ಲಿ, ಎಂಟು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಿ ನೋಡಲಿ. ರಕ್ಷಣೆ, ಪಾಪಪರಿಹಾರ, ನೀತಿವಂತಿಕೆ, ಕೃಪೆ, ಈ ಪದಗಳನ್ನೆಲ್ಲ ಬಿಟ್ಟು ಹೇಳಬೇಕು ಎಂಬ ನಿಯಮ ಇಡಿ. ಕಷ್ಟ ಆಗುತ್ತದೆ. ಆದರೆ ನಮಗೇ ಎಲ್ಲಿ ಸ್ಪಷ್ಟವಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಅದು ಹೀಗಿದೆ: ನಿನ್ನನ್ನು ದೇವರು ಮಾಡಿದ್ದು, ನಿನ್ನನ್ನು ಕಂಡರೆ ಆತನಿಗೆ ತುಂಬಾ ಪ್ರೀತಿ. ನಾವೆಲ್ಲ ಆತನನ್ನು ಬಿಟ್ಟು ನಮ್ಮ ದಾರಿ ಹಿಡಿದೆವು, ಅದರಿಂದ ನಾವೂ ಕೆಟ್ಟೆವು, ಬೇರೆಯವರಿಗೂ ನೋವು ಮಾಡಿದೆವು. ದೇವರು ಬಿಟ್ಟುಬಿಡಲಿಲ್ಲ, ತನ್ನ ಮಗನಾದ ಯೇಸುವನ್ನು ಕಳಿಸಿದ. ಯೇಸು ನಮ್ಮ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಶಿಲುಬೆಯಲ್ಲಿ ಸತ್ತ, ಮೂರನೇ ದಿನ ಎದ್ದು ಬಂದ, ಈಗಲೂ ಬದುಕಿದ್ದಾನೆ. ಆತನನ್ನು ನಂಬಿ ಆತನ ಜೊತೆ ನಡೆಯಲು ನಿನ್ನನ್ನೂ ಕರೆಯುತ್ತಾನೆ. ಇಷ್ಟೇ. ನಿಮ್ಮ ಮಾತು ಬೇರೆ ಇರಬಹುದು, ಆದರೆ ಇದರಲ್ಲಿ ಯಾವುದನ್ನೂ ಬಿಡಬೇಡಿ.

ಹೆಜ್ಜೆ 4: ಐದು ದಿನ, ಒಂದು ಎಳೆ

ದಿನಕ್ಕೊಂದು ನೀತಿಪಾಠ ಬೇಡ. ಸೋಮವಾರ ಧೈರ್ಯ, ಮಂಗಳವಾರ ವಿಧೇಯತೆ, ಬುಧವಾರ ಹಂಚಿಕೊಳ್ಳುವುದು ಅಂತ ಮಾಡಿದರೆ ಮಕ್ಕಳು ಒಳ್ಳೆಯವರಾಗಿರಬೇಕು ಎಂಬ ಉಪದೇಶ ಕೇಳಿ ಮನೆಗೆ ಹೋಗುತ್ತಾರೆ. ಅದು ಸುವಾರ್ತೆ ಅಲ್ಲ. ನಾನು ಹೀಗೆ ಜೋಡಿಸುತ್ತೇನೆ.

ಸೋಮವಾರ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಯ ಕಥೆ. ಕಡಲು, ಮೀನು, ಹಲಸಿನ ಮರ, ಗುಡ್ಡ, ಎಲ್ಲ ಮಕ್ಕಳ ಕಣ್ಣೆದುರಿಗೇ ಇದೆ. ದೇವರು ಒಳ್ಳೆಯದೆಂದು ನೋಡಿದ, ನಿನ್ನನ್ನೂ ನೋಡಿದ ಎಂಬಷ್ಟಕ್ಕೆ ನಿಲ್ಲಿಸಿ.

ಮಂಗಳವಾರ, ಲೂಕ 15ರ (ಲೂಕನ ಸುವಾರ್ತೆಯ 15ನೇ ಅಧ್ಯಾಯದ) ಇಬ್ಬರು ಗಂಡುಮಕ್ಕಳ ಕಥೆ. ಪಾಪ ಎಂದರೆ ಏನೆಂದು ವಿವರಿಸುವುದಕ್ಕಿಂತ ಈ ಕಥೆ ಹೇಳುವುದು ಮೇಲು. ಮನೆ ಬಿಟ್ಟು ಹೋದ ಸಣ್ಣವನ ಬಗ್ಗೆ ಎಲ್ಲರೂ ಹೇಳುತ್ತಾರೆ. ವಾಪಸ್ ಬಂದ ತಮ್ಮನನ್ನು ಅಪ್ಪ ಸೇರಿಸಿಕೊಂಡ ಅಂತ ಹೊರಗೆ ನಿಂತು ಸಿಟ್ಟು ಮಾಡಿಕೊಂಡ ದೊಡ್ಡವನನ್ನು ಬಿಡಬೇಡಿ. ಸಂಡೇ ಸ್ಕೂಲಿಗೆ ತಪ್ಪದೆ ಬರುವ, ವಚನ ಬಾಯಿಪಾಠ ಇರುವ, ಬಹುಮಾನ ಗೆಲ್ಲುವ ಮಕ್ಕಳಿಗೆ ಆ ಅಣ್ಣನ ಕಥೆ ಬೇಕು. ಅಪ್ಪ ಇಬ್ಬರಿಗಾಗಿಯೂ ಮನೆಯಿಂದ ಹೊರಗೆ ಬಂದ ಎಂಬುದನ್ನು ನಿಧಾನವಾಗಿ ಹೇಳಿ.

ಬುಧವಾರ, ಮಾರ್ಕ 4ರ ಬಿರುಗಾಳಿ. ಯೇಸು ಯಾರು ಎಂಬ ಪ್ರಶ್ನೆ ಆ ಕಥೆಯ ಕೊನೆಯಲ್ಲಿ ಶಿಷ್ಯರ ಬಾಯಲ್ಲೇ ಬರುತ್ತದೆ. ಇದು ನಮ್ಮ ಕರಾವಳಿಯ ಮಕ್ಕಳಿಗೆ ಬಹಳ ಹತ್ತಿರದ ಕಥೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಗಲಿಲಾಯ ಸಮುದ್ರ ಎಂದು ಹೆಸರಾದರೂ ಅದು ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್. ಸುತ್ತ ಗುಡ್ಡಗಳಿರುವ ತಗ್ಗಿನ ಜಾಗ, ಅದಕ್ಕೇ ಗಾಳಿ ಒಮ್ಮೆಲೇ ಎದ್ದುಬಿಡುತ್ತದೆ. 1986ರಲ್ಲಿ ಬರ ಬಂದು ನೀರು ಇಳಿದಾಗ ಅಲ್ಲಿನ ಕೆಸರಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಮೀನುಗಾರರ ದೋಣಿ ಸಿಕ್ಕಿತು. ಅಂದಾಜು 8 ಮೀಟರ್ ಉದ್ದ, 2.3 ಮೀಟರ್ ಅಗಲ. ಚರ್ಚಿನ ಅಂಗಳದಲ್ಲಿ ಚಾಕ್‌ಪೀಸಿನಿಂದ ಅಷ್ಟೇ ಅಳತೆಯ ದೋಣಿ ಬರೆಯಿರಿ. ಹದಿಮೂರು ಮಕ್ಕಳನ್ನು ಅದರೊಳಗೆ ಕೂರಿಸಿ. ಒಬ್ಬನನ್ನು, ಯೇಸು ಮಲಗಿದ್ದ ಹಾಗೆ, ಹಿಂದೆ ಮಲಗಿಸಿ. ಮಲ್ಪೆ ಬಂದರಿನ ಟ್ರಾಲ್ ಬೋಟು ನೋಡಿದ ಮಕ್ಕಳಿಗೆ ಇದು ಎಷ್ಟು ಸಣ್ಣದು ಎಂದು ತಟ್ಟನೆ ಅರ್ಥವಾಗುತ್ತದೆ. ಅಲ್ಲೇ ನಿಂತು ಕಥೆ ಹೇಳಿ.

ಆದರೆ ಒಂದು ಎಚ್ಚರ. ಪ್ರಾರ್ಥನೆ ಮಾಡಿದರೆ ಬಿರುಗಾಳಿ ನಿಂತೇ ನಿಲ್ಲುತ್ತದೆ ಎಂದು ಹೇಳಬೇಡಿ. ಕಡಲಿಗೆ ಹೋದವರು ಬಾರದ ಮನೆಗಳು ನಮ್ಮಲ್ಲಿ ಇವೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟಿನ ಏಳು ಮಂದಿ ಮರಳಲಿಲ್ಲ, ಆ ದಿನಗಳು ಈ ಕರಾವಳಿಯ ಯಾರಿಗೂ ಮರೆತಿಲ್ಲ. ನಿಮ್ಮ ಮುಂದೆ ಕೂತ ಮಗುವಿನ ಮನೆಯಲ್ಲಿ ಏನಾಗಿದೆಯೋ ನಿಮಗೆ ಗೊತ್ತಿಲ್ಲ. ಆ ದೋಣಿಯಲ್ಲಿ ಯೇಸು ಅವರ ಜೊತೆ ಇದ್ದ, ಗಾಳಿಯೂ ನೀರೂ ಆತನ ಮಾತು ಕೇಳಿದವು, ಈತ ಯಾರಿರಬಹುದು ಎಂದು ಅವರು ಬೆರಗಾದರು. ಇಷ್ಟು ಹೇಳಿ ಸಾಕು. ನಮ್ಮ ಅಪ್ಪನನ್ನು ಯಾಕೆ ಉಳಿಸಲಿಲ್ಲ ಎಂದು ಮಗು ಕೇಳಿದರೆ, ನನಗೆ ಗೊತ್ತಿಲ್ಲ ಮಗಾ ಎಂದು ಹೇಳಿ ಅದರ ಪಕ್ಕದಲ್ಲಿ ಕೂರಿ. ತನ್ನ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ ಎಂದು ಹೇಳಿ.

ಗುರುವಾರ, ಶಿಲುಬೆ ಮತ್ತು ಪುನರುತ್ಥಾನ, ಎರಡೂ ಒಂದೇ ದಿನ. ತುಂಬಾ ಪ್ಲಾನ್‌ಗಳಲ್ಲಿ ಗುರುವಾರ ಶಿಲುಬೆ, ಶುಕ್ರವಾರ ಪುನರುತ್ಥಾನ ಇರುತ್ತದೆ. ಶುಕ್ರವಾರ ಮಗುವಿಗೆ ಜ್ವರ ಬಂತು ಎಂದಿಟ್ಟುಕೊಳ್ಳಿ. ಯೇಸು ಸತ್ತ ಎಂಬಲ್ಲಿಗೇ ಅದರ ಕಥೆ ಮುಗಿಯುತ್ತದೆ. ಹಾಗೆ ಮನೆಗೆ ಕಳಿಸಬೇಡಿ. ಶಿಲುಬೆಯ ಕಥೆಯಲ್ಲಿ ರಕ್ತ, ಮೊಳೆ, ಚಾಟಿ ಅಂತ ವರ್ಣನೆ ಬೆಳೆಸಬೇಡಿ. ಬೈಬಲಿನ ಸುವಾರ್ತೆ ಪುಸ್ತಕಗಳನ್ನು ಬರೆದವರೇ ಅದನ್ನು ಕೆಲವೇ ಮಾತಿನಲ್ಲಿ ಹೇಳಿದ್ದಾರೆ. ನಿನ್ನಿಂದಾಗಿಯೇ ಯೇಸು ಸತ್ತ ಎಂದು ಐದು ವರ್ಷದ ಮಗುವಿನತ್ತ ಬೆರಳು ತೋರಿಸುವುದಂತೂ ಖಂಡಿತ ಬೇಡ, ಆ ಮಗು ರಾತ್ರಿ ನಿದ್ದೆ ಮಾಡುವುದಿಲ್ಲ. ನಮ್ಮೆಲ್ಲರ ತಪ್ಪನ್ನು ಹೊತ್ತ, ಯಾರೂ ಬಲವಂತ ಮಾಡಿದ್ದಲ್ಲ, ಪ್ರೀತಿಯಿಂದ ತಾನೇ ಪ್ರಾಣ ಕೊಟ್ಟ ಎಂದು ಹೇಳಿ. ಆಮೇಲೆ ನೇರ ಮಗ್ದಲದ ಮರಿಯಳ ಹತ್ತಿರ ಹೋಗಿ. ಯೇಸುವಿನ ಸಮಾಧಿಯ ಹತ್ತಿರ ಅಳುತ್ತಾ ನಿಂತ ಆ ಶಿಷ್ಯೆಯನ್ನು ಯೇಸು ಹೆಸರು ಹಿಡಿದು ಕರೆದ. ಅಲ್ಲಿ ಒಂದು ಗಳಿಗೆ ಸುಮ್ಮನಿರಿ.

ಶುಕ್ರವಾರ, ಯೋಹಾನ 21. ಶಿಷ್ಯರು ರಾತ್ರಿಯಿಡೀ ಬಲೆ ಹಾಕಿದರೂ ಒಂದು ಮೀನೂ ಇಲ್ಲ. ಬೆಳಿಗ್ಗೆ ದಡದಲ್ಲಿ ನಿಂತವನೊಬ್ಬ ಬಲಗಡೆ ಹಾಕಿ ಎನ್ನುತ್ತಾನೆ. 153 ದೊಡ್ಡ ಮೀನು. ಇದನ್ನು ಮೀನುಗಾರರ ಊರಾದ ಬೆಂಗ್ರೆಯ ಮಕ್ಕಳಿಗೆ ಹೇಳಿ ನೋಡಿ, ಮೀನನ್ನು ಎಣಿಸಿದ್ದು ಯಾಕೆ ಎಂದು ಕೇಳುವುದೇ ಇಲ್ಲ, ಎಣಿಸದೆ ಇರುತ್ತಾರಾ ಎನ್ನುತ್ತಾರೆ! ಅದು ಯೇಸು ಎಂದು ತಿಳಿದ ಶಿಷ್ಯ ಪೇತ್ರ ನೀರಿಗೆ ಹಾರುತ್ತಾನೆ. ದಡದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿದೆ, ರೊಟ್ಟಿ ಇದೆ, ಬನ್ನಿ ತಿಂಡಿ ತಿನ್ನಿ ಎನ್ನುತ್ತಾನೆ ಯೇಸು. ಕೆಲವು ದಿನಗಳ ಹಿಂದೆ ಇದೇ ಪೇತ್ರ ಒಂದು ಕೆಂಡದ ಬೆಂಕಿಯ ಹತ್ತಿರ ಚಳಿ ಕಾಯಿಸುತ್ತಾ ಆತ ಯಾರೋ ನನಗೆ ಗೊತ್ತೇ ಇಲ್ಲ ಎಂದಿದ್ದ, ಮೂರು ಸಲ. ಈಗ ಇನ್ನೊಂದು ಕೆಂಡದ ಬೆಂಕಿಯ ಹತ್ತಿರ ಯೇಸು ಮೂರು ಸಲ ಕೇಳುತ್ತಾನೆ, ನನ್ನ ಮೇಲೆ ನಿನಗೆ ಪ್ರೀತಿ ಇದೆಯಾ? ಬೈಯಲಿಲ್ಲ. ಕೆಲಸದಿಂದ ತೆಗೆಯಲಿಲ್ಲ. ನನ್ನ ಹಿಂದೆ ಬಾ ಎಂದ. ತಪ್ಪು ಮಾಡಿದ ಮೇಲೂ ಯೇಸುವಿನ ಹತ್ತಿರ ವಾಪಸ್ ಹೋಗಬಹುದು ಎಂಬುದು ಮಕ್ಕಳಿಗೆ ಬೇಕಾದಷ್ಟು ಬೇರೆ ಯಾರಿಗೂ ಬೇಡ. ಮಾರ್ಕು ಕಡಿಮೆ ಬಂತು, ಸುಳ್ಳು ಹೇಳಿದೆ, ತಂಗಿಗೆ ಹೊಡೆದೆ ಅಂತ ಒಳಗೊಳಗೇ ಹೆದರಿ ಕೂತ ಮಕ್ಕಳು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅನುಕೂಲ ಇದ್ದರೆ ಈ ದಿನದ ತಿಂಡಿಯನ್ನು ಕಥೆ ಮುಗಿದ ಕೂಡಲೇ ಎಲ್ಲರೂ ನೆಲದ ಮೇಲೆ ಸುತ್ತ ಕೂತು ತಿನ್ನಿ.

ಹೆಜ್ಜೆ 5: ಹೇಳುವ ಭಾಷೆ

ನಮ್ಮ ಮಕ್ಕಳದು ವಿಚಿತ್ರ ಸ್ಥಿತಿ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ತುಳು ಅಥವಾ ಕೊಂಕಣಿ, ಚರ್ಚಿನಲ್ಲಿ ಕನ್ನಡ. ಕನ್ನಡ ಅರ್ಥ ಆಗುತ್ತದೆ, ಆದರೆ ಓದು ನಿಧಾನ. ಹಾಗಾಗಿ ಅವರ ಕೈಗೆ ಬೈಬಲ್ ಕೊಟ್ಟು ಒಬ್ಬೊಬ್ಬರಾಗಿ ಓದಿಸಬೇಡಿ, ತಡವರಿಸುವ ಮಗುವಿಗೆ ನಾಚಿಕೆಯಾಗುತ್ತದೆ. ನೀವೇ ಕಥೆಯಾಗಿ ಹೇಳಿ, ಬೈಬಲ್ ನಿಮ್ಮ ಕೈಯಲ್ಲಿ ತೆರೆದಿರಲಿ. ಸಂಭಾಷಣೆ ಬಂದಾಗ ತುಳುವಿಗೆ ಹೋಗಿ. ಪೇತ್ರ ತುಳುವಿನಲ್ಲಿ ಮಾತಾಡಿದರೆ ಮಕ್ಕಳು ನೆಟ್ಟಗೆ ಕೂರುತ್ತಾರೆ. ಇದು ಹೊಸ ಉಪಾಯ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿದ್ದರು. ಕನ್ನಡ ನಿಘಂಟು ಬರೆದ ಕಿಟ್ಟೆಲ್ ಆ ನಿಘಂಟಿಗೂ ಎಷ್ಟೋ ಮೊದಲು, 1862ರಲ್ಲಿ, ಯೇಸುವಿನ ಜೀವನವನ್ನು ಕನ್ನಡದ ಪದ್ಯದಲ್ಲಿ ಕಥಾಮಾಲೆ ಎಂದು ಬರೆದರು. ಹೊರಗಿನಿಂದ ಬಂದವರು ಅಷ್ಟು ಕಷ್ಟಪಟ್ಟರು, ಈ ಮಣ್ಣಿನಲ್ಲೇ ಹುಟ್ಟಿದ ನಾವು ಇಂಗ್ಲಿಷ್ ವಿಡಿಯೋ ಹಾಕಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಹೊತ್ತಿನ ಬಗ್ಗೆ: ಆರು ವರ್ಷದೊಳಗಿನವರಿಗೆ ಏಳೆಂಟು ನಿಮಿಷ, ಏಳರಿಂದ ಹತ್ತರವರೆಗೆ ಹದಿನೈದು, ಅದಕ್ಕಿಂತ ದೊಡ್ಡವರಿಗೆ ಇಪ್ಪತ್ತು. ಯೇಸು ನಿನ್ನ ಹೃದಯದೊಳಗೆ ಬರುತ್ತಾನೆ ಎಂದು ಸಣ್ಣವರಿಗೆ ಹೇಳಿದರೆ ಅವರು ನಿಜವಾಗಿ ಎದೆ ಮುಟ್ಟಿ ನೋಡುತ್ತಾರೆ, ಎಷ್ಟು ಸಣ್ಣ ಆಗಿ ಬರುತ್ತಾನೆ ಎಂದು ಕೇಳುತ್ತಾರೆ. ಯೇಸುವನ್ನು ನಂಬು, ಆತನ ಜೊತೆ ನಡೆ ಎನ್ನಿ.

ಹೆಜ್ಜೆ 6: ಸಣ್ಣ ಗುಂಪು, ಇದನ್ನು ಕತ್ತರಿಸಬೇಡಿ

ಹೊತ್ತು ಸಾಲದೆ ಬಂದಾಗ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಡ್ಯಾನ್ಸ್ ಪ್ರಾಕ್ಟೀಸ್ ಕಡಿಮೆ ಮಾಡಿ, ಇದನ್ನು ಮುಟ್ಟಬೇಡಿ. ಸಣ್ಣವರಾದರೆ ಐದಾರು ಮಕ್ಕಳಿಗೆ, ದೊಡ್ಡವರಾದರೆ ಎಂಟು ಮಕ್ಕಳಿಗೆ ಒಬ್ಬ ಟೀಚರ್, ಜೊತೆಗೆ ಒಬ್ಬ ಸಹಾಯಕ. ಐದೂ ದಿನ ಅದೇ ಟೀಚರ್, ಅದೇ ಮಕ್ಕಳು, ಅದೇ ಜಾಗ. ಇಪ್ಪತ್ತು ನಿಮಿಷ.

ಪ್ರಶ್ನೆ ಕೇಳಿ, ಆದರೆ ಪರೀಕ್ಷೆ ಮಾಡಬೇಡಿ. ಶಿಷ್ಯರ ಹೆಸರೇನು ಎಂಬುದು ಕ್ವಿಜ್. ಕಥೆಯಲ್ಲಿ ನಿನಗೆ ಇಷ್ಟವಾದ್ದು ಯಾವುದು, ಯಾವುದು ಅರ್ಥ ಆಗಲಿಲ್ಲ, ನೀನು ಅಲ್ಲಿದ್ದರೆ ಏನು ಮಾಡುತ್ತಿದ್ದೆ, ಇವು ಮಾತು ತೆಗೆಸುವ ಪ್ರಶ್ನೆಗಳು. ಕೇಳಿದ ಮೇಲೆ ಕಾಯಿರಿ. ಮೊದಲ ದಿನ ಯಾರೂ ಮಾತಾಡುವುದಿಲ್ಲ, ಎಲ್ಲದಕ್ಕೂ ಯೇಸು ಎಂಬ ಒಂದೇ ಉತ್ತರ ಬರುತ್ತದೆ. ಬುಧವಾರದ ಹೊತ್ತಿಗೆ ಬಾಯಿ ಬಿಡುತ್ತಾರೆ. ತಪ್ಪು ಉತ್ತರ ಬಂದರೆ ತಕ್ಷಣ ತಿದ್ದಬೇಡಿ, ಹಾಗೆ ಯಾಕೆ ಅನಿಸಿತು ಎಂದು ಕೇಳಿ. ಮೂಲೆಯಲ್ಲಿ ಸುಮ್ಮನೆ ಕೂತ ಮಗುವನ್ನು ಎಲ್ಲರೆದುರು ಮಾತಾಡಿಸಬೇಡಿ, ತಿಂಡಿಯ ಹೊತ್ತಿಗೆ ಪಕ್ಕ ಹೋಗಿ ಕೂರಿ. ಕೊನೆಗೆ ಪ್ರಾರ್ಥನೆ ಮಾಡುವಾಗ ಮಕ್ಕಳು ಆ ದಿನ ಹೇಳಿದ ವಿಷಯಗಳನ್ನೇ ಹೆಸರು ಹಿಡಿದು ಸೇರಿಸಿ. ನಾಯಿಮರಿಗೆ ಹುಷಾರಿಲ್ಲ ಎಂದು ಹೇಳಿದ್ದರೆ ಅದನ್ನೂ ಸೇರಿಸಿ.

ಹೆಜ್ಜೆ 7: ಮಗು ತಾನಾಗಿ ಬಂದು ಕೇಳಿದರೆ

ನಾನೂ ಯೇಸುವನ್ನು ನಂಬಬೇಕು, ಏನು ಮಾಡಬೇಕು? ಗುರುವಾರ ಅಥವಾ ಶುಕ್ರವಾರ ಯಾವುದಾದರೂ ಒಂದು ಮಗು ಇದನ್ನು ಕೇಳುತ್ತದೆ. ನಿಮಗೆ ಎದೆ ಹೊಡೆದುಕೊಳ್ಳುತ್ತದೆ, ಪರವಾಗಿಲ್ಲ. ಅವಸರ ಬೇಡ. ಬೇರೆಯವರಿಗೆ ಕಾಣುವ ಜಾಗದಲ್ಲಿ ಕೂತು ಮೊದಲು ನೀವೇ ಕೇಳಿ: ಯಾಕೆ ಹಾಗನಿಸಿತು? ಯೇಸು ಯಾರು ಅಂತ ನಿನಗೆ ಅನಿಸುತ್ತದೆ? ಆತ ಯಾಕೆ ಸತ್ತ? ಮಗುವಿನ ಉತ್ತರದಲ್ಲೇ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೆಲವೊಮ್ಮೆ ಗೆಳತಿ ಪ್ರಾರ್ಥನೆ ಮಾಡಿದಳು ಅಂತ ಬಂದಿರುತ್ತದೆ. ಕೆಲವೊಮ್ಮೆ ಮನೆಯಲ್ಲಿ ಜಗಳ ನಿಲ್ಲಲಿ ಅಂತ ಬಂದಿರುತ್ತದೆ. ಎರಡೂ ತಪ್ಪಲ್ಲ, ಆದರೆ ಎರಡಕ್ಕೂ ಬೇರೆ ಬೇರೆ ಮಾತು ಬೇಕು.

ಅರ್ಥವಾಗಿ ಕೇಳುತ್ತಿದೆ, ಸಭೆಯ ಮನೆಯ ಮಗುವೇ ಆಗಿದೆ ಎಂದಾದರೆ ಯೋಹಾನ 3:16 ಅಥವಾ ರೋಮಾಪುರದವರಿಗೆ 5:8 ತೆರೆದು ಒಟ್ಟಿಗೆ ಓದಿ. ಪ್ರಾರ್ಥನೆಯನ್ನು ಮಗು ತನ್ನ ಮಾತಿನಲ್ಲೇ ಮಾಡಲಿ. ನೀವು ಒಂದೊಂದು ಸಾಲು ಹೇಳಿಕೊಡುವುದು, ಅದು ಹಿಂದೆ ಹೇಳುವುದು ಬೇಡ. ಎರಡೇ ಮಾತು ಬಂದರೂ ಅದು ಆ ಮಗುವಿನದೇ. ಅದೇ ದಿನ ಅಪ್ಪ ಅಮ್ಮನಿಗೆ ತಿಳಿಸಿ, ಮಗುವಿನ ಎದುರಿಗೇ ತಿಳಿಸಿ. ಬೇರೆ ಧರ್ಮದ ಮನೆಯ ಮಗುವಾದರೆ ಪ್ರಾಮಾಣಿಕವಾಗಿ ಉತ್ತರ ಹೇಳಿ, ಇದನ್ನು ನಿನ್ನ ಅಪ್ಪ ಅಮ್ಮನ ಹತ್ತಿರವೂ ಮಾತಾಡು ಎನ್ನಿ, ಸಭಾಪಾಲಕರಿಗೆ (ಪಾಸ್ಟರಿಗೆ) ತಿಳಿಸಿ. ಯಾವ ಹೆಜ್ಜೆಗೂ ಒತ್ತಾಯಿಸಬೇಡಿ, ಮನೆಯಲ್ಲಿ ಹೇಳಬೇಡ ಎಂದು ಯಾವತ್ತೂ ಹೇಳಬೇಡಿ. ಆ ಮಗುವನ್ನು ದೇವರು ನಮಗಿಂತ ಚೆನ್ನಾಗಿ ಬಲ್ಲ. ಆತನಿಗೆ ಅವಸರ ಇಲ್ಲ.

ನರಕದ ಹೆದರಿಕೆ ಹಾಕಿ ನಂಬಿಸುವವರೂ ಇದ್ದಾರೆ. ಇವತ್ತು ರಾತ್ರಿ ಸತ್ತರೆ ಎಲ್ಲಿಗೆ ಹೋಗುತ್ತೀ ಎಂದು ಏಳು ವರ್ಷದ ಮಗುವನ್ನು ಕೇಳುವುದು ಕ್ರೂರ. ಹೆದರಿ ಹೇಳಿದ ಹೌದು ಹೆದರಿಕೆ ಹೋದ ಕೂಡಲೇ ಹೋಗುತ್ತದೆ. ಮಾರ್ಕ 10ರಲ್ಲಿ ಯೇಸು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ, ಆತ ಸಿಟ್ಟಾದದ್ದು ಅವರನ್ನು ತಡೆದ ದೊಡ್ಡವರ ಮೇಲೆ.

ಹೆಜ್ಜೆ 8: ಹಾಡು, ಕ್ರಾಫ್ಟ್, ಆಟ

ಇವು ನಿಮಗೆ ಗೊತ್ತಿರುವುದೇ, ಚುಟುಕಾಗಿ ಹೇಳುತ್ತೇನೆ. ಹಾಡುಗಳನ್ನು ಆರಿಸುವಾಗ ಕಥೆಗೆ ಹೊಂದುತ್ತದಾ ನೋಡಿ, ಐದು ದಿನಕ್ಕೆ ಮೂರ್ನಾಲ್ಕು ಸಾಕು, ಒಂದಾದರೂ ತುಳು ಇರಲಿ. ದಿನಕ್ಕೊಂದು ವಚನ ಬೇಡ, ವಾರಕ್ಕೆ ಒಂದು ಅಥವಾ ಎರಡು ವಚನ, ಅರ್ಥದ ಸಮೇತ. ಆಟಕ್ಕೆ ಲಗೋರಿ, ಕುಂಟೆಬಿಲ್ಲೆ, ಹಗ್ಗಜಗ್ಗಾಟ, ಎಲ್ಲ ನೆರಳಿನಲ್ಲಿ.

ಕ್ರಾಫ್ಟಿಗೆ ಬಣ್ಣದ ಪುಟಗಳ ಪುಸ್ತಕ, ಅಂದರೆ ಅಕ್ಷರವಿಲ್ಲದೆ ಬಣ್ಣಗಳಿಂದಲೇ ಸುವಾರ್ತೆ ಹೇಳುವ ಪುಸ್ತಕ, ಎಲ್ಲ ಕಡೆ ಮಾಡಿಸುತ್ತಾರೆ. 1866ರಲ್ಲಿ ಲಂಡನ್ನಿನ ಬೋಧಕ ಸ್ಪರ್ಜನ್ ಕಪ್ಪು, ಕೆಂಪು, ಬಿಳಿ ಎಂಬ ಮೂರೇ ಪುಟಗಳ ಬಗ್ಗೆ ಪ್ರಸಂಗ ಮಾಡಿದ್ದರು, ಬಂಗಾರ ಮತ್ತು ಹಸಿರು ಆಮೇಲೆ ಸೇರಿದವು. ಅಕ್ಷರ ಬಾರದ ಸಣ್ಣವರಿಗೆ ಇದು ಒಳ್ಳೆಯ ಸಾಧನ, ಆದರೆ ಕಪ್ಪು ಎಂದರೆ ಪಾಪ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಮೈಬಣ್ಣಕ್ಕಾಗಿ ಮನೆಯಲ್ಲೂ ಶಾಲೆಯಲ್ಲೂ ಸಾಕಷ್ಟು ಮಾತು ಕೇಳುತ್ತಾರೆ. ಚರ್ಚಿನಲ್ಲೂ ಕಪ್ಪು ಕೊಳಕು, ಬಿಳಿ ಶುದ್ಧ ಎಂದು ಕಲಿಸಬೇಕಾ? ಆ ಪುಟದಲ್ಲಿ ಹರಿದು ಮತ್ತೆ ಅಂಟಿಸಿದ ಕಾಗದ ಹಾಕಿಸಿ, ಮುರಿದ ಸಂಬಂಧ ಎಂದು ಹೇಳಿ. ಬಿಳಿಯ ಜಾಗದಲ್ಲಿ ತೆರೆದ ಬಾಗಿಲಿನ ಚಿತ್ರ ಬರೆಸಿ. ಮಂಗಳವಾರದ ಕಥೆಗೆ ಚೆನ್ನಾಗಿ ಹೊಂದುತ್ತದೆ.

ಹೆಜ್ಜೆ 9: ಮುಗಿದ ಮೇಲಿನ ಕೆಲಸ

ಸಮಾರೋಪ, ಸರ್ಟಿಫಿಕೇಟ್, ಗ್ರೂಪ್ ಫೋಟೋ ಆದ ಮೇಲೆ ಎಲ್ಲರಿಗೂ ಸುಸ್ತು. ಆದರೂ ಅದೇ ವಾರ ಟೀಚರ್‌ಗಳು ಒಂದು ಗಂಟೆ ಕೂರಿ. ತನ್ನ ಗುಂಪಿನ ಒಂದೊಂದು ಮಗುವಿನ ಬಗ್ಗೆಯೂ ಎರಡು ಸಾಲು ಬರೆಯಿರಿ: ಏನು ಕೇಳಿತು, ಯಾವುದಕ್ಕೆ ಹೆದರುತ್ತದೆ, ಯಾವ ಕಥೆ ಇಷ್ಟವಾಯಿತು. ಎಷ್ಟು ಮಂದಿ ನಂಬಿದರು ಎಂಬ ಕಾಲಂ ಬೇಡ. ಗುಟ್ಟಾಗಿ ಹೇಳಿದ ಮನೆಯ ವಿಷಯಗಳನ್ನು ಇದರಲ್ಲಿ ಬರೆಯಬೇಡಿ, ಅದು ಸಭಾಪಾಲಕರ ಹತ್ತಿರ ಮಾತ್ರ ಇರಲಿ, ಹೆಜ್ಜೆ 2ರಲ್ಲಿ ಹೇಳಿದ ನೋವು, ದೌರ್ಜನ್ಯದ ವಿಷಯ ಬಿಟ್ಟು.

ಸಭೆಯ ಮಕ್ಕಳ ವಿವರವನ್ನು ಸಂಡೇ ಸ್ಕೂಲ್ ಟೀಚರಿಗೆ ಕೊಡಿ, ಜೂನ್ ಮೊದಲ ಭಾನುವಾರದೊಳಗೆ. ಹೋದ ತಿಂಗಳು ದೋಣಿಯಲ್ಲಿ ಮಲಗಿದ್ದವನು ನೀನೇ ಅಲ್ವಾ ಎಂದು ಹೊಸ ಟೀಚರ್ ಕೇಳಿದರೆ ಆ ಮಗು ಅಲ್ಲೇ ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟಿನ ಕೆಲಸದವರು ಊರಲ್ಲಿ ಇರುತ್ತಾರೆ. ಅಪ್ಪಂದಿರನ್ನು ಮನೆಯಲ್ಲಿ ಕಂಡು ಮಾತಾಡಲು ಅದೇ ಒಳ್ಳೆಯ ಸಮಯ. ಹೋಗುವ ಮೊದಲು ಫೋನ್ ಮಾಡಿ, ಇಬ್ಬರು ಹೋಗಿ, ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ. ಮನೆಯವರಿಗೆ ಇಷ್ಟವಿದ್ದರೆ ಐದು ಕಥೆಗಳ ಬೈಬಲ್ ಭಾಗಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ, ರಾತ್ರಿ ಊಟದ ಮೊದಲು ಅವರೇ ಮಕ್ಕಳಿಗೆ ಓದಿ ಹೇಳಬಹುದು.